ಹಳೆಯ ಕಾರಿಗೆ ದೊಡ್ಡ ಎಂಜಿನ್: ಭೌತವಿಜ್ಞಾನ ಏನು ಹೇಳುತ್ತದೆ?

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಅವನ ಅಜ್ಜನ ಕಾಲದ ಅಂಬಾಸಿಡರ್ ಕಾರು ಬಾನೆಟ್ ತೆರೆದು ನಿಂತಿತ್ತು. ಪಕ್ಕದಲ್ಲಿ ಗೋಣಿಚೀಲದ ಮೇಲೆ ಇನ್ನೊಂದು ಎಂಜಿನ್ ಇತ್ತು. ಅದು ಗುಜರಿಗೆ ಹೋದ ಕಾಂಟೆಸಾ ಕಾರಿನದು.

"ಸರ್, ನಮ್ಮ ಎಂಜಿನ್ 1,489 ಸಿ.ಸಿ., ಇದು 1,817 ಸಿ.ಸಿ. ಇದನ್ನು ಕೂರಿಸಿದರೆ ಸ್ಪೋರ್ಟ್ಸ್ ಕಾರಿನ ಹಾಗೆ ಓಡುತ್ತದಂತೆ, ನಿಜವೇ?" ಎಂದು ಕೇಳಿದ.

"ಕೂರ್ಸೋದು ಎರಡು ದಿನದ ಕೆಲಸ ಸರ್. ಆಮೇಲಿಂದು ನಮ್ ಕೈಲಿಲ್ಲ" ಎಂದರು ಮೇಸ್ತ್ರಿ.

ಆ 'ಆಮೇಲಿನದು' ಏನು ಎಂಬುದೇ ಈ ಲೇಖನದ ವಿಷಯ. ಪಿ.ಯು.ಸಿ. ಮಟ್ಟದ ಭೌತವಿಜ್ಞಾನ ತಿಳಿದಿದ್ದರೆ ಇದಕ್ಕೆ ಸಾಕಷ್ಟು ಉತ್ತರ ಸಿಗುತ್ತದೆ.

ಒಂದೇ ವಂಶದ ಎರಡು ಕಾರುಗಳು

ಅಂಬಾಸಿಡರ್‌ಗೂ ಸ್ಪೋರ್ಟ್ಸ್ ಕಾರಿಗೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಸಂಬಂಧ ಹತ್ತಿರದ್ದೇ. ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಇದ್ದ 1,489 ಸಿ.ಸಿ. ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ 'ಬಿ-ಸೀರೀಸ್' ಎಂಬ ಕುಟುಂಬಕ್ಕೆ ಸೇರಿದ್ದು. 1955ರಲ್ಲಿ ಬಂದ ಎಂಜಿಎ ಎಂಬ ಎರಡು ಆಸನದ ಸ್ಪೋರ್ಟ್ಸ್ ಕಾರಿನಲ್ಲಿಯೂ ಇದೇ ಕುಟುಂಬದ, ಇದೇ 1,489 ಸಿ.ಸಿ. ಎಂಜಿನ್ ಇತ್ತು. ಗಾತ್ರ ಒಂದೇ ಆದರೂ ಅಂಬಾಸಿಡರ್‌ನಲ್ಲಿ ಅದು ಕೊಡುತ್ತಿದ್ದುದು ಸುಮಾರು 50 ಅಶ್ವಶಕ್ತಿ, ಎಂಜಿಎಯಲ್ಲಿ ಸುಮಾರು 70. ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಎರಡು ಕಾರ್ಬ್ಯುರೇಟರ್‌ಗಳಿದ್ದವು. ಅದರ ಸಂಪೀಡನ ಅನುಪಾತವೂ ಹೆಚ್ಚಾಗಿತ್ತು.

1962ರಲ್ಲಿ ಎಂಜಿಎಯ ಬದಲು ಎಂಜಿಬಿ ಬಂತು. ಅದರ ಎಂಜಿನ್ 1,798 ಸಿ.ಸಿ., ಸುಮಾರು 95 ಅಶ್ವಶಕ್ತಿ. ಅದೂ ಬಿ-ಸೀರೀಸ್ ಕುಟುಂಬದ್ದೇ ಆದ್ದರಿಂದ ಅನೇಕ ಎಂಜಿಎ ಮಾಲೀಕರು ತಮ್ಮ ಹಳೆಯ ಕಾರಿಗೆ ಎಂಜಿಬಿಯ ಎಂಜಿನ್ ಹಾಕಿಸಿಕೊಂಡರು. ಹಳೆಯ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ ಕೂರಿಸುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗುವುದು ಕಷ್ಟ.

ನಮ್ಮ ದೇಶದಲ್ಲಿ ಇಂಥ ಕೆಲಸವನ್ನು ಕಾರ್ಖಾನೆಯೇ ಮಾಡಿದ್ದುಂಟು. ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಕಾಂಟೆಸಾ ಕಾರನ್ನು ಹೊರತಂದಾಗ ಅದರಲ್ಲಿದ್ದುದು ಅಂಬಾಸಿಡರ್‌ನ 1,489 ಸಿ.ಸಿ. ಎಂಜಿನ್ನೇ. ಅಷ್ಟು ದೊಡ್ಡ ಕಾರಿಗೆ 50 ಅಶ್ವಶಕ್ತಿ ಸಾಲಲಿಲ್ಲ. ಕೆಲವು ವರ್ಷಗಳಲ್ಲಿ ಜಪಾನಿನ ಇಸುಜು ಕಂಪನಿಯ 1,817 ಸಿ.ಸಿ. ಎಂಜಿನ್ ಅದರ ಜಾಗಕ್ಕೆ ಬಂತು. 1990ರ ದಶಕದ ಆರಂಭದಲ್ಲಿ ಅದೇ ಇಸುಜು ಎಂಜಿನ್ 75 ಅಶ್ವಶಕ್ತಿಯ ರೂಪದಲ್ಲಿ ಅಂಬಾಸಿಡರ್‌ಗೂ ಬಂತು. ಆದರೆ ಕಾರ್ಖಾನೆ ಎಂಜಿನ್ ಒಂದನ್ನೇ ಬದಲಿಸಲಿಲ್ಲ. ಜೊತೆಗೆ ಐದು ಗೇರುಗಳ ಹೊಸ ಗೇರ್‌ಬಾಕ್ಸನ್ನೂ ಕೊಟ್ಟಿತು. ಏಕೆ? ಮುಂದೆ ನೋಡೋಣ.

ಲಾಭ ಎಷ್ಟು?

'ಸಿ.ಸಿ.' ಎಂದರೆ ಪಿಸ್ಟನ್‌ಗಳು ಕೆಳಗಿನಿಂದ ಮೇಲಕ್ಕೆ ಚಲಿಸುವಾಗ ಆಕ್ರಮಿಸುವ ಒಟ್ಟು ಗಾತ್ರ, ಘನ ಸೆಂಟಿಮೀಟರ್‌ಗಳಲ್ಲಿ. ಎಂಜಿಎ ಎಂಜಿನ್ನಿನ ಸಿಲಿಂಡರ್ ವ್ಯಾಸ 73 ಮಿ.ಮೀ., ಎಂಜಿಬಿಯದು 80.3 ಮಿ.ಮೀ. ಪಿಸ್ಟನ್ ಚಲಿಸುವ ದೂರ ಎರಡರಲ್ಲೂ 88.9 ಮಿ.ಮೀ. ವ್ಯಾಸದಲ್ಲಿ ಕೇವಲ 7.3 ಮಿ.ಮೀ. ಹೆಚ್ಚಳ, ಗಾತ್ರ ವ್ಯಾಸದ ವರ್ಗವನ್ನು ಅವಲಂಬಿಸುವುದರಿಂದ ಅದು ಶೇ. 21ರಷ್ಟು ಹೆಚ್ಚಿತು. ಗಾತ್ರ ಹೆಚ್ಚಿದರೆ ಒಂದು ಸುತ್ತಿನಲ್ಲಿ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್ ಒಳಸೇರುತ್ತದೆ. ಕ್ರ್ಯಾಂಕ್ ದಂಡವನ್ನು ತಿರುಗಿಸುವ ಟಾರ್ಕ್ ಹೆಚ್ಚುತ್ತದೆ. ಎಂಜಿಎಯ ಗರಿಷ್ಠ ಟಾರ್ಕ್ ಸುಮಾರು 104 ನ್ಯೂಟನ್-ಮೀಟರ್, ಎಂಜಿಬಿಯದು ಸುಮಾರು 149.

ಇದು ಚಕ್ರಕ್ಕೆ ತಲಪಿದಾಗ ಏನಾಗುತ್ತದೆ? ಮೂರನೆಯ ಗೇರಿನಲ್ಲಿ ಗೇರ್‌ಬಾಕ್ಸ್ ಟಾರ್ಕನ್ನು ಸುಮಾರು 1.37 ಪಟ್ಟು, ಹಿಂದಿನ ಆಕ್ಸಲ್ 4.3 ಪಟ್ಟು ಹೆಚ್ಚಿಸುತ್ತದೆ ಎಂದುಕೊಳ್ಳೋಣ. ಚಕ್ರದ ತ್ರಿಜ್ಯ 0.3 ಮೀಟರ್, ಜನರೂ ಸೇರಿ ಕಾರಿನ ರಾಶಿ 1,000 ಕಿ.ಗ್ರಾಂ. ಆಗ ತಳ್ಳುವ ಬಲ ಹಳೆಯ ಎಂಜಿನ್ನಿನಿಂದ ಸುಮಾರು 2,040 ನ್ಯೂಟನ್, ಹೊಸದರಿಂದ 2,930 ನ್ಯೂಟನ್. ಗಾಳಿಯ ತಡೆ, ಘರ್ಷಣೆಗಳನ್ನು ಬಿಟ್ಟರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 2 ಮೀಟರ್‌ನಿಂದ 2.9 ಮೀಟರ್‌ಗೆ ಏರುತ್ತದೆ. ಮುಂದಿರುವ ಲಾರಿಯನ್ನು ದಾಟುವಾಗ ಚಾಲಕನಿಗೆ ಈ ವ್ಯತ್ಯಾಸ ಬೆನ್ನಿಗೇ ತಿಳಿಯುತ್ತದೆ.

ಗರಿಷ್ಠ ವೇಗದ ಕತೆ ಬೇರೆ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸಾಮರ್ಥ್ಯವೆಂದರೆ ಬಲ ಮತ್ತು ವೇಗದ ಗುಣಲಬ್ಧ. ಹಾಗಾಗಿ ಬೇಕಾಗುವ ಸಾಮರ್ಥ್ಯ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಅಂಬಾಸಿಡರ್‌ನ ಸಾಮರ್ಥ್ಯ 50ರಿಂದ 75 ಅಶ್ವಶಕ್ತಿಗೆ, ಅಂದರೆ ಒಂದೂವರೆ ಪಟ್ಟು ಹೆಚ್ಚಿತು ಎನ್ನಿ. 1.5ರ ಘನಮೂಲ ಸುಮಾರು 1.14. ಶೇ. 50 ಸಾಮರ್ಥ್ಯ ಸೇರಿಸಿದರೂ ಗರಿಷ್ಠ ವೇಗದಲ್ಲಿ ಸಿಗುವ ಲಾಭ ಶೇ. 14 ಮಾತ್ರ! 'ಸ್ಪೋರ್ಟ್ಸ್ ಕಾರಿನ ಹಾಗೆ' ಎಂಬ ಆಸೆಗೆ ಇಲ್ಲಿ ಮೊದಲ ಪೆಟ್ಟು.

ಹೊಂದಿಕೆಯ ಪ್ರಶ್ನೆ

ಹೊಸ ಎಂಜಿನ್ನಿನ ಟಾರ್ಕನ್ನು ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಆಕ್ಸಲ್ ಎಲ್ಲವೂ ಹೊರಬೇಕು. ಕ್ಲಚ್ಚು ಹಳೆಯ ಟಾರ್ಕಿಗೆ ತಕ್ಕಂತೆ ಒತ್ತುತ್ತಿದ್ದರೆ ಹೊಸ ಎಂಜಿನ್ ಜೋರಾಗಿ ಎಳೆದಾಗ ಜಾರುತ್ತದೆ, ಸುಡುತ್ತದೆ. ಘನ ದಂಡವೊಂದು ತಾಳುವ ತಿರುಚು ಅದರ ವ್ಯಾಸದ ಘನಕ್ಕೆ ಅನುಗುಣ. ಹಾಗಾಗಿ ಟಾರ್ಕ್ ಶೇ. 43 ಹೆಚ್ಚಿದರೆ ದಂಡದ ವ್ಯಾಸ ಶೇ. 13ರಷ್ಟು ಹೆಚ್ಚಬೇಕು. ಕಾರ್ಖಾನೆ ಹೊಸ ಎಂಜಿನ್ನಿನ ಜೊತೆ ಹೊಸ ಗೇರ್‌ಬಾಕ್ಸ್ ಕೊಡುವುದಕ್ಕೆ ಇದು ಒಂದು ಕಾರಣ. ಐದನೆಯ ಗೇರಿನಲ್ಲಿ ಅದೇ ವೇಗಕ್ಕೆ ಎಂಜಿನ್ ಕಡಿಮೆ ಸುತ್ತು ತಿರುಗಿದರೆ ಸಾಕು ಎಂಬುದು ಇನ್ನೊಂದು.

ಬೇರೆ ಕಂಪನಿಯ ಎಂಜಿನ್ನನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸಲು ನಡುವೆ ಒಂದು ಉಕ್ಕಿನ ಫಲಕ ಬೇಕು. ಕ್ರ್ಯಾಂಕ್ ದಂಡದ ಅಕ್ಷವೂ ಗೇರ್‌ಬಾಕ್ಸ್ ದಂಡದ ಅಕ್ಷವೂ ಒಂದೇ ರೇಖೆಯಲ್ಲಿರಬೇಕು. ಮಿಲಿಮೀಟರಿನ ಸಣ್ಣ ಭಾಗದಷ್ಟು ತಪ್ಪಿದರೂ ಬೇರಿಂಗ್ ಬೇಗ ಹಾಳಾಗುತ್ತದೆ. ಕಣ್ಣಳತೆಯಲ್ಲಿ ಗ್ಯಾಸ್ ಕಟರ್ ಹಿಡಿದು ಮಾಡುವ ಕೆಲಸ ಇದಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನು ತಯಾರಿಸುತ್ತಿದ್ದ ಕಾಲವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಆ ಕಾರ್ಖಾನೆ ಮುಚ್ಚಿದೆ. ಆದರೆ ಅಳತೆಯ ನಿಖರತೆಯೇ ಯಂತ್ರದ ಆಯುಸ್ಸು ಎಂಬ ಪಾಠ ಹಳೆಯದಾಗಿಲ್ಲ.

ದಾವಣಗೆರೆಯ ಬಿಸಿಲು

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸುಮಾರು ಕಾಲು ಭಾಗ ಮಾತ್ರ ಕೆಲಸವಾಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಕ್ತಿ ಶಾಖವಾಗಿ ರೇಡಿಯೇಟರಿನ ನೀರಿಗೆ ಸೇರುತ್ತದೆ. ಸಾಮರ್ಥ್ಯ ಶೇ. 50 ಹೆಚ್ಚಿದರೆ ಪೂರ್ಣ ಸಾಮರ್ಥ್ಯದಲ್ಲಿ ರೇಡಿಯೇಟರ್ ಹೊರಹಾಕಬೇಕಾದ ಶಾಖವೂ ಸರಿಸುಮಾರು ಅಷ್ಟೇ ಹೆಚ್ಚುತ್ತದೆ.

ರೇಡಿಯೇಟರ್ ಹೊರಹಾಕುವ ಶಾಖ ನೀರಿನ ತಾಪ ಮತ್ತು ಗಾಳಿಯ ತಾಪಗಳ ವ್ಯತ್ಯಾಸಕ್ಕೆ ಅನುಗುಣವಾಗಿರುತ್ತದೆ. ನೀರು 90 ಡಿಗ್ರಿ ಸೆಲ್ಸಿಯಸ್ ಇರಲಿ. ಇಂಗ್ಲೆಂಡಿನ 20 ಡಿಗ್ರಿಯ ಗಾಳಿಯಲ್ಲಿ ವ್ಯತ್ಯಾಸ 70. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಗಾಳಿ 40 ಡಿಗ್ರಿ ಇದ್ದರೆ ವ್ಯತ್ಯಾಸ 50 ಮಾತ್ರ. ಅದೇ ರೇಡಿಯೇಟರಿನ ಸಾಮರ್ಥ್ಯ ಇಲ್ಲಿ ಅಲ್ಲಿಯದರ ಏಳರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ. ವಿದೇಶದಲ್ಲಿ ಯಶಸ್ವಿಯಾದ ಎಂಜಿನ್ ಬದಲಾವಣೆ ಇಲ್ಲಿಯೂ ಹಾಗೆಯೇ ನಡೆಯುತ್ತದೆ ಎನ್ನಲಾಗದು.

ಮೂತಿ ಭಾರವಾದರೆ

ತೂಕದ ಪಾಠವನ್ನು ಎಂಜಿ ಕಾರುಗಳೇ ಕಲಿಸಿವೆ. 1967ರಲ್ಲಿ ಎಂಜಿಬಿಯ ದೇಹಕ್ಕೆ 2,912 ಸಿ.ಸಿ.ಯ ಆರು ಸಿಲಿಂಡರ್ ಎಂಜಿನ್ ಕೂರಿಸಿ ಎಂಜಿಸಿ ಎಂಬ ಕಾರನ್ನು ತಂದರು. ಎರಕದ ಕಬ್ಬಿಣದ ಆ ಎಂಜಿನ್ ಹಳೆಯದಕ್ಕಿಂತ ಸುಮಾರು 95 ಕಿ.ಗ್ರಾಂ ಹೆಚ್ಚು ಭಾರ. ಅದು ಹಿಡಿಯದೆ ಮುಂದಿನ ಸಸ್ಪೆನ್ಷನ್ನನ್ನೇ ಬದಲಿಸಬೇಕಾಯಿತು, ಬಾನೆಟ್ಟನ್ನು ಉಬ್ಬಿಸಬೇಕಾಯಿತು. ತಿರುವಿನಲ್ಲಿ ಚಾಲಕ ಸ್ಟಿಯರಿಂಗ್ ತಿರುಗಿಸಿದರೂ ಭಾರವಾದ ಮೂತಿ ನೇರಕ್ಕೇ ಸಾಗಲು ಎಳೆಯುತ್ತದೆ ಎಂದು ಪರೀಕ್ಷಿಸಿದವರು ದೂರಿದರು. 1969ರಲ್ಲಿ ಆ ಕಾರು ನಿಂತುಹೋಯಿತು.

1973ರಲ್ಲಿ ಅದೇ ದೇಹಕ್ಕೆ ಇನ್ನೂ ದೊಡ್ಡದಾದ 3,528 ಸಿ.ಸಿ.ಯ ರೋವರ್ ವಿ-8 ಎಂಜಿನ್ ಬಂತು. ಈ ಬಾರಿ ಆ ತೊಂದರೆ ಬರಲಿಲ್ಲ. ಕಾರಣ, ಅದು ಅಲ್ಯೂಮಿನಿಯಂ ಎಂಜಿನ್. ಸಿ.ಸಿ. ದುಪ್ಪಟ್ಟಾದರೂ ತೂಕ ಹಳೆಯ ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿನಷ್ಟೇ ಇತ್ತು. ಎಂಜಿನ್ ದೊಡ್ಡದೇ ಎಂಬುದಕ್ಕಿಂತ ಅದು ಭಾರವೇ, ಆ ಭಾರ ಎಲ್ಲಿ ಕೂರುತ್ತದೆ ಎಂಬುದು ಮುಖ್ಯ.

ನಿಲ್ಲಿಸುವವರು ಯಾರು?

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಸುಮಾರು 20 ವರ್ಷಗಳ ಹಿಂದೆ ಸ್ನೇಹಿತರೊಬ್ಬರ ಕಾರಿನಲ್ಲಿ ಹರಿಹರದಿಂದ ದಾವಣಗೆರೆಗೆ ಬರುತ್ತಿದ್ದೆ. ಕಾರು ಹಳೆಯದು, ಎಂಜಿನ್ ಹೊಸದಾಗಿ ಹಾಕಿಸಿದ್ದು, ಬ್ರೇಕ್ ಮೊದಲಿನದೇ. ಕಾರು ಚೆನ್ನಾಗಿ ಓಡುತ್ತಿದೆ ಎಂದು ಅವರು ಹೆಮ್ಮೆಪಡುತ್ತಿದ್ದಾಗಲೇ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದು ಪಕ್ಕದ ದಾರಿಯಿಂದ ರಸ್ತೆಗೆ ಬಂತು. ಅವರು ಬ್ರೇಕ್ ಒತ್ತಿದರು. ಕಾರು ನಿಲ್ಲಲಿಲ್ಲ. ರಸ್ತೆ ಬಿಟ್ಟು ಗದ್ದೆಗೆ ಇಳಿದುದರಿಂದ ನಾವು ಉಳಿದೆವು. ಬ್ರೇಕ್ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನು ಪೂರ್ತಿಯಾಗಿಯೇ ಮಾಡಿತ್ತು. ಕೇಳಿದ ಕೆಲಸ ಮಾತ್ರ ಅದರ ಅಳವಿಗೆ ಮೀರಿದ್ದಾಗಿತ್ತು.

ಲೆಕ್ಕ ಹಾಕೋಣ. ನಾಲ್ಕು ಜನ ಕುಳಿತ ಅಂಬಾಸಿಡರ್‌ನ ರಾಶಿ 1,400 ಕಿ.ಗ್ರಾಂ ಇರಲಿ. ಹಳೆಯ ಎಂಜಿನ್ನಿನಲ್ಲಿ ಚಾಲಕ ಆರಾಮವಾಗಿ ಹೋಗುವ ವೇಗ ಗಂಟೆಗೆ 80 ಕಿ.ಮೀ., ಹೊಸದರಲ್ಲಿ 110 ಕಿ.ಮೀ. ಎನ್ನೋಣ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. 80ರಲ್ಲಿ ಅದು ಸುಮಾರು 346 ಕಿಲೋಜೌಲ್, 110ರಲ್ಲಿ 654 ಕಿಲೋಜೌಲ್. ವೇಗ ಶೇ. 38 ಹೆಚ್ಚಿದರೆ ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟು!

ಬ್ರೇಕ್ ಈ ಕಾರನ್ನು ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಂತೆ ನಿಧಾನಗೊಳಿಸುತ್ತದೆ ಎಂದುಕೊಂಡರೆ 80ರಿಂದ ನಿಲ್ಲಲು 49 ಮೀಟರ್, 110ರಿಂದ ನಿಲ್ಲಲು 93 ಮೀಟರ್ ಬೇಕು. ಚಾಲಕ ಅಪಾಯವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಂಡರೆ ಆ ದೂರಗಳು 72 ಮತ್ತು 124 ಮೀಟರ್ ಆಗುತ್ತವೆ. ನಡುವಿನ ಆ 52 ಮೀಟರುಗಳಲ್ಲೇ ಅಂದಿನ ಟ್ರ್ಯಾಕ್ಟರ್ ನಿಂತಿತ್ತು.

ಇನ್ನೊಂದು ಸಂಗತಿ ಗಮನಿಸಿ. 654 ಕಿಲೋಜೌಲ್ ಶಕ್ತಿಯನ್ನು ಬ್ರೇಕ್ ಸುಮಾರು 6.1 ಸೆಕೆಂಡಿನಲ್ಲಿ ಶಾಖವಾಗಿಸಬೇಕು. ಅಂದರೆ ಸರಾಸರಿ 107 ಕಿಲೋವಾಟ್, ಸುಮಾರು 143 ಅಶ್ವಶಕ್ತಿ. ಎಂಜಿನ್ನಿನ ಸಾಮರ್ಥ್ಯ 75 ಮಾತ್ರ! ಕಾರಿನಲ್ಲಿರುವ ಅತ್ಯಂತ ಸಮರ್ಥ ಯಂತ್ರ ಎಂಜಿನ್ ಅಲ್ಲ, ಬ್ರೇಕ್. ಈ ಶಾಖವೆಲ್ಲ ಡ್ರಮ್ಮಿನೊಳಗೆ ಸೇರುತ್ತದೆ. ಮತ್ತೆ ಮತ್ತೆ ಒತ್ತಿದರೆ ಡ್ರಮ್ ಬಿಸಿಯಾಗಿ ಹಿಗ್ಗಿ ಒಳಗಿನ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಘರ್ಷಣೆಯೂ ಕುಗ್ಗುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಬಿಲ್ಲೆ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ.

ಎಂಜಿಎಯನ್ನು ರೂಪಿಸಿದವರು ಇದನ್ನು ತಿಳಿದಿದ್ದರು. 1959ರಲ್ಲಿ ಅದರ ಎಂಜಿನ್ನನ್ನು 1,489ರಿಂದ 1,588 ಸಿ.ಸಿ.ಗೆ, ಅಂದರೆ ಕೇವಲ 99 ಸಿ.ಸಿ.ಯಷ್ಟು ಹಿಗ್ಗಿಸಿದಾಗಲೇ ಮುಂದಿನ ಚಕ್ರಗಳ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕಿದರು. ನನ್ನ ವಿದ್ಯಾರ್ಥಿ ಸೇರಿಸಲು ಹೊರಟಿದ್ದುದು 328 ಸಿ.ಸಿ., ಅದೂ ನಾಲ್ಕೂ ಚಕ್ರಗಳಿಗೆ ಹಳೆಯ ಡ್ರಮ್ ಬ್ರೇಕನ್ನೇ ಉಳಿಸಿಕೊಂಡು.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಪ್ರಕರಣದಂತೆ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಇದು ಕೇವಲ ಕಾಗದದ ಅಡ್ಡಿಯಲ್ಲ. ತಯಾರಕರು ಎಂಜಿನ್, ಬ್ರೇಕ್, ತೂಕ, ತಂಪು ವ್ಯವಸ್ಥೆಗಳನ್ನು ಒಟ್ಟಾಗಿ ಪರೀಕ್ಷಿಸಿರುತ್ತಾರೆ. ಒಂದನ್ನು ಬದಲಿಸಿದರೆ ಆ ಪರೀಕ್ಷೆಗೆ ಬೆಲೆಯಿಲ್ಲ.

ನನ್ನ ವಿದ್ಯಾರ್ಥಿಗೆ ಈ ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವನು ಹಳೆಯ ಎಂಜಿನ್ನಿಗೇ ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ. ರೇಡಿಯೇಟರ್ ಶುಚಿಮಾಡಿಸಿ, ನಾಲ್ಕೂ ಚಕ್ರಗಳ ಬ್ರೇಕ್ ಲೈನಿಂಗ್ ಬದಲಿಸಿದ. ಈಗ ಆ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಹರಿಹರಕ್ಕೆ ಹೋಗಿಬರುತ್ತದೆ. ಬೇಕಾದಲ್ಲಿ ನಿಲ್ಲುತ್ತದೆ.

ನೀವೇ ಮಾಡಿ ನೋಡಿ

1. ನಿಮ್ಮ ಮನೆಯ ಮೋಟಾರ್‌ಸೈಕಲ್ಲಿನ ಕೈಪಿಡಿಯಿಂದ ಸಿಲಿಂಡರಿನ ವ್ಯಾಸ ಮತ್ತು ಪಿಸ್ಟನ್ ಚಲಿಸುವ ದೂರವನ್ನು ಗುರುತಿಸಿಕೊಳ್ಳಿ. ಸಿ.ಸಿ.ಯನ್ನು ಲೆಕ್ಕ ಹಾಕಿ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ.

2. ಇಬ್ಬರು ಕುಳಿತ ಆ ವಾಹನ ಗಂಟೆಗೆ 40, 60 ಮತ್ತು 80 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಎಷ್ಟು? ನಿಲ್ಲಲು ಬೇಕಾಗುವ ದೂರವೆಷ್ಟು? ಮೂರು ದೂರಗಳನ್ನೂ ಶಾಲೆಯ ಮೈದಾನದಲ್ಲಿ ಸುಣ್ಣದಿಂದ ಗುರುತಿಸಿ. ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯನ್ನು ನೋಡಿ.