ಅಂಗೈ ಮೇಲಿನ ಕಡಲ್ಗಳ್ಳ

ನಾಟಿಂಗ್‌ಹ್ಯಾಮ್‌ನ ಅಕ್ಕನ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದ್ದರು. ಐದು ಮೆಟ್ಟಿಲು. ಮೇಲೆ ಪಟ್ಟದ ಗೊಂಬೆಗಳು, ನಡುವೆ ದಶಾವತಾರ, ಕೆಳಗೆ ಅಕ್ಕಿ-ಬೇಳೆ ಹರವಿಕೊಂಡ ಶೆಟ್ಟರ ಅಂಗಡಿ. ಹದಿಮೂರು ವರ್ಷದ ಅಕ್ಕನ ಮಗ ತನ್ನದೂ ಇರಲಿ ಎಂದು ಮೂರನೆಯ ಮೆಟ್ಟಿಲಿನ ತುದಿಯಲ್ಲಿ, ಕಲ್ಕಿಯ ಪಕ್ಕಕ್ಕೆ, ಹೆಬ್ಬೆರಳಿನಷ್ಟೆತ್ತರದ ಮೂವರು ಯೋಧರನ್ನು ನಿಲ್ಲಿಸಿದ್ದ. ದೀಪದ ಬತ್ತಿ ಸರಿಮಾಡಲು ಹೋದ ನನ್ನ ಮೊಣಕೈ ತಾಗಿ ಮೂವರೂ ಉರುಳಿದರು. ಇಬ್ಬರು ಟಿಕ್ ಎಂದು ಪುಟಿದು ಹಾಗೇ ಕೂತರು. ಮೂರನೆಯವನು ಟಣ್ ಎಂದು ಬಿದ್ದ; ಅವನ ದೊಡ್ಡ ಉಗುರುಗಳ ಕೈ ಕಳಚಿ ಸೋಫಾದಡಿ ಸೇರಿತು.

“ಮಾಮಾ, ಅವನು ಹ್ಯೂರಾನ್!” ಎಂದ ಹುಡುಗ. ಉಳಿದಿಬ್ಬರು ಒಡೆದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂಬುದು ಅವನ ದನಿಯಲ್ಲೇ ಗೊತ್ತಾಯಿತು. ಈ ಹ್ಯೂರಾನನನ್ನು ಯಾರದೋ ಹಳೆಯ ಸಂಗ್ರಹದಿಂದ ಉಳಿತಾಯದ ದುಡ್ಡು ಕೊಟ್ಟು ಕೊಂಡಿದ್ದನಂತೆ.

ಲಫ್ಟ್ ಹ್ಯೂರಾನ್ ಎಂಬವನ ಕತೆ ಹುಟ್ಟಿದ್ದು ಇದೇ ಊರಿನ ಕಂಪನಿಯಲ್ಲಿ. ಗೇಮ್ಸ್ ವರ್ಕ್‌ಶಾಪ್ 1975ರಲ್ಲಿ ಲಂಡನ್‌ನಲ್ಲಿ ಮೂವರು ಗೆಳೆಯರು ಕಟ್ಟಿದ ಸಂಸ್ಥೆ. ಮೊದಮೊದಲು ಮರದ ಆಟದ ಹಲಗೆ ಮಾಡುತ್ತಿತ್ತು. ಈಗ ಅದರ ಮುಖ್ಯ ಕಚೇರಿ, ಕಾರ್ಖಾನೆ ಎಲ್ಲ ನಾಟಿಂಗ್‌ಹ್ಯಾಮ್‌ನ ಲೆಂಟನ್‌ನಲ್ಲಿವೆ. ಲೆಂಟನ್ ಎಂದರೆ ನಮ್ಮ ಅಜ್ಜಂದಿರು ಹೆಮ್ಮೆಯಿಂದ ತುಳಿಯುತ್ತಿದ್ದ ರ‍್ಯಾಲಿ ಸೈಕಲ್ಲಿನ ತವರು. ಸೈಕಲ್ ಕಾರ್ಖಾನೆ ಮುಚ್ಚಿತು, ಗೊಂಬೆ ಕಾರ್ಖಾನೆ ಬೆಳೆಯಿತು. 2024ರ ಡಿಸೆಂಬರ್‌ನಲ್ಲಿ ಈ ಕಂಪನಿ ಲಂಡನ್ ಷೇರುಪೇಟೆಯ ಮೊದಲ ನೂರರ ಪಟ್ಟಿಗೂ ಏರಿತು. ಅವರ ‘ವಾರ್‌ಹ್ಯಾಮರ್ 40,000’ ಎಂಬ ಮೇಜಿನ ಮೇಲಿನ ಯುದ್ಧದಾಟ 1987ರಲ್ಲಿ ಬಂತು, ಬರೆದವರು ರಿಕ್ ಪ್ರೀಸ್ಟ್ಲಿ. ಕಾಲ ಇನ್ನು ಮೂವತ್ತೆಂಟು ಸಾವಿರ ವರ್ಷದ ಆಚೆ. ರಂಗ ಇಡೀ ಆಕಾಶಗಂಗೆ.

ಆ ಕತೆಯಲ್ಲಿ ಹ್ಯೂರಾನ್ ಸಾಮ್ರಾಜ್ಯದ ಗಡಿ ಕಾಯುವ ದಳವಾಯಿ. ಬಡಾಬ್ ಎಂಬ ಗ್ರಹ ಅವನ ಸೀಮೆ. ಹತ್ತಿರದಲ್ಲೇ ಮೇಲ್‌ಸ್ಟ್ರಾಮ್ ಎಂಬ ಅಂತರಿಕ್ಷದ ಮಹಾಸುಳಿ, ಅದರ ತುಂಬ ಕಳ್ಳರು. ನನಗೆ ಇನ್ನಷ್ಟು ಹಡಗು ಕೊಡಿ, ಪಡೆ ಕೊಡಿ ಎಂದು ಕೇಳಿ ಕೇಳಿ ಸಾಕಾದ ಅವನು ಕೊನೆಗೆ ಕಪ್ಪ ಕಳಿಸುವುದನ್ನೇ ನಿಲ್ಲಿಸುತ್ತಾನೆ. ಹೀಗೆ ಸೆಟೆದು ನಿಂತವರಿಗೆ ನಮ್ಮಲ್ಲಿ ಪಾಳೇಗಾರ ಎನ್ನುವ ಪದವೇ ಇದೆ. ಆಮೇಲೆ ಹತ್ತು ವರ್ಷಕ್ಕೂ ಮೀರಿದ ಯುದ್ಧ, ಸೋಲು. ಅರ್ಧ ದೇಹ ಸುಟ್ಟು ಹೋದವನನ್ನು ಅವನ ಜನ ಲೋಹದ ಅಂಗ ಜೋಡಿಸಿ ಉಳಿಸಿಕೊಳ್ಳುತ್ತಾರೆ. ಯಾವ ಸುಳಿಯ ಕಳ್ಳರನ್ನು ಹಿಡಿಯಲು ನೇಮಿಸಿದ್ದರೋ ಅದೇ ಸುಳಿಯೊಳಗೆ ಹೊಕ್ಕು, ‘ಕರಿ ಹೃದಯ’ ಎಂಬ ಬಿರುದಿನೊಂದಿಗೆ ಅವನೇ ಕಳ್ಳರ ಒಡೆಯನಾಗುತ್ತಾನೆ. ಅವನ ಮಾತು ಕೇಳಿದರೆ ದ್ರೋಹ ಮಾಡಿದ್ದು ಸಾಮ್ರಾಜ್ಯ. ಸಾಮ್ರಾಜ್ಯವನ್ನು ಕೇಳಿದರೆ ಅವನು.

ಇದು ಹಳೆಯ ಕತೆಯ ಹೊಸ ವೇಷ. ಕಲ್ಲಿಕೋಟೆಯ ಸಾಮೂದಿರಿಯ ನೌಕಾಪಡೆ ನಡೆಸುತ್ತಿದ್ದ ನಾಲ್ಕನೆಯ ಕುಂಜಾಲಿ ಮರಕ್ಕಾರ್ ದೊರೆಯೊಂದಿಗೆ ಕೆಟ್ಟುಕೊಂಡ. 1600ರಲ್ಲಿ ಶರಣಾದಾಗ ದೊರೆ ಅವನನ್ನು ಪೋರ್ಚುಗೀಸರಿಗೆ ಒಪ್ಪಿಸಿದ, ಅವರು ಗೋವಾದಲ್ಲಿ ಕೊಂದರು. ಪೋರ್ಚುಗೀಸರ ಲೆಕ್ಕದಲ್ಲಿ ಅವನು ಕಡಲ್ಗಳ್ಳ, ಮಲಬಾರಿನವರಿಗೆ ವೀರ. ನಾಟಿಂಗ್‌ಹ್ಯಾಮ್ ಕೋಟೆಯ ಬುಡದಲ್ಲಿ 1952ರಿಂದ ಬಿಲ್ಲು ಎಳೆದು ನಿಂತಿರುವ ರಾಬಿನ್ ಹುಡ್‌ನದೂ ಹೀಗೇ. ಹಳೆಯ ಲಾವಣಿಗಳಲ್ಲಿ ಅವನು ಸಾಧಾರಣ ಮನುಷ್ಯ. 1598ರ ಹೊತ್ತಿಗೆ ಆಂಟನಿ ಮಂಡೇ ಎಂಬ ನಾಟಕಕಾರ ಅವನನ್ನು ಮೋಸಕ್ಕೊಳಗಾಗಿ ಕಾಡು ಸೇರಿದ ಪ್ರಭುವನ್ನಾಗಿ ಮಾಡಿದ. ಬರಿಯ ಕಳ್ಳನಿಗಿಂತ ಕಳ್ಳನಾಗಬೇಕಾಗಿ ಬಂದ ದೊಡ್ಡ ಮನುಷ್ಯನ ಮೇಲೆ ಕೇಳುಗರಿಗೆ ಪ್ರೀತಿ ಹೆಚ್ಚು.

ರಾಬಿನ್‌ಗೆ ಶೆರ್ವುಡ್ ಕಾಡಿತ್ತು, ಕುಂಜಾಲಿಗೆ ನದೀಮುಖದ ಕೋಟೆಯಿತ್ತು. ಅಂತರಿಕ್ಷದ ಕಳ್ಳ ಅಡಗುವುದೆಲ್ಲಿ? ವಿಜ್ಞಾನ ಓದಿದವರಿಗೆ ಮೊದಲು ಚುಚ್ಚುವುದು ಈ ಪ್ರಶ್ನೆ.

ಕಡಲಲ್ಲಿ ಕಳ್ಳನನ್ನು ಕಾಪಾಡುವುದು ಭೂಮಿಯ ಗುಂಡಗಿನ ಮೈ. ನೀರಿನಿಂದ ಇಪ್ಪತ್ತು ಮೀಟರ್ ಎತ್ತರದ ಪಟಸ್ತಂಭದ ಮೇಲೆ ಕೂತವನಿಗೆ ಕಾಣುವ ದಿಗಂತ ಸುಮಾರು 16 ಕಿ.ಮೀ. ದೂರದ್ದು, ಅದರಾಚೆ ನೀರೇ ಗೋಡೆ. ಅಂತರಿಕ್ಷದಲ್ಲಿ ದಿಗಂತವಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬಿಸಿಯದು. ಬಿಸಿಯಾದ ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಸೂಸುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಕಪ್ಪು ಮೈಯ ಒಂದು ಚದರ ಮೀಟರ್‌ನಿಂದ ಹೊಮ್ಮುವುದು ಹತ್ತಿರ ಹತ್ತಿರ 420 ವಾಟ್. ಅದರ ಹಿಂದಿನ ತೆರೆಯಾದ ಆಕಾಶವೋ ಶೂನ್ಯಕ್ಕಿಂತ 270 ಡಿಗ್ರಿ ಕೆಳಗೆ. ಕತ್ತಲ ಬಯಲಿನಲ್ಲಿ ಕೆಂಡದ ಒಲೆ ಇಟ್ಟು ಅಡಗಿದಂತೆ! ಕೇವಲ 23 ವಾಟ್‌ನ ಪ್ರೇಷಕ ಹೊತ್ತ ವಾಯೇಜರ್-1ರ ದನಿಯನ್ನೇ 2,400 ಕೋಟಿ ಕಿ.ಮೀ.ಗೂ ಆಚೆಯಿಂದ ನಾವು ಹಿಡಿಯುತ್ತೇವೆ. ಎತ್ತ ಕಿವಿಗೊಡಬೇಕೆಂದು ಮೊದಲೇ ಗೊತ್ತಿರುತ್ತದೆ, ನಿಜ. ಆದರೆ ಎಂಜಿನ್ ಉರಿಸುವ ಹಡಗಿನ ಶಕ್ತಿಯ ಮುಂದೆ 23 ವಾಟ್ ಯಾವ ಲೆಕ್ಕ?

ಬಿಸಿಯನ್ನು ಒಳಗೇ ಇಟ್ಟುಕೊಂಡರೆ ಸ್ವಲ್ಪ ಹೊತ್ತು ಅಡಗಬಹುದು, ಆಮೇಲೆ ನಾವಿಕರು ಹಬೆಯಲ್ಲಿ ಬೇಯುತ್ತಾರೆ. ಒಂದೇ ದಿಕ್ಕಿಗೆ ಚೆಲ್ಲಬಹುದು. ಜೇಮ್ಸ್ ವೆಬ್ ದೂರದರ್ಶಕದ ಐದು ಪದರದ ಬಿಸಿಲುಮರೆ ಮಾಡುವುದು ಅದನ್ನೇ: ಸೂರ್ಯನ ಕಡೆ ಕಾದಿರುತ್ತದೆ, ನೆರಳಿನ ಕಡೆ ಸೊನ್ನೆಗಿಂತ 230 ಡಿಗ್ರಿ ಕೆಳಗೆ. ಆದರೆ ಬಿಸಿ ಚೆಲ್ಲಿದ ಕಡೆ ಒಬ್ಬ ಕಾವಲುಗಾರ ನಿಂತಿದ್ದರೆ ಆಟ ಮುಗಿಯಿತು. ಅದಕ್ಕೇ ಕತೆಗಾರರಿಗೆ ಭೌತಶಾಸ್ತ್ರ ಕೆಲಸ ಮಾಡದ ಒಂದು ಸುಳಿ ಬೇಕಾಯಿತು. ಮೇಲ್‌ಸ್ಟ್ರಾಮ್ ಇಲ್ಲದೆ ಹ್ಯೂರಾನ್ ಒಂದು ವಾರ ಬಾಳುತ್ತಿರಲಿಲ್ಲ.

ಕತೆಯೊಳಗೆ ವಿಜ್ಞಾನ ತೆಳುವೇ. ದಟ್ಟವಾಗಿರುವುದು ನನ್ನ ಮೊಣಕೈಗೆ ಸಿಕ್ಕಿ ಬಿದ್ದ ಗೊಂಬೆಯಲ್ಲಿ.

ಒಂದೇ ಎತ್ತರದಿಂದ ಬಿದ್ದ ಮೂವರಲ್ಲಿ ಇಬ್ಬರು ಯಾಕೆ ಉಳಿದರು? ಅವರಿಬ್ಬರು ಪ್ಲಾಸ್ಟಿಕ್, ಹ್ಯೂರಾನ್ ಲೋಹ. ನಾಟಿಂಗ್‌ಹ್ಯಾಮ್ ಸುತ್ತಮುತ್ತ ಸಣ್ಣ ಯೋಧರನ್ನು ಎರಕ ಹೊಯ್ಯುವ ಕಂಪನಿಗಳು ಎಷ್ಟಿದ್ದವೆಂದರೆ ಆಟಗಾರರು ಈ ಸೀಮೆಗೆ ‘ಸೀಸದ ಪಟ್ಟಿ’ ಎಂದೇ ಹೆಸರಿಟ್ಟರು. ಮೊದಲು ಬಳಸುತ್ತಿದ್ದದ್ದು ಸೀಸ ಬೆರೆತ ತವರ. ತವರ 232 ಡಿಗ್ರಿಗೆ ಕರಗುತ್ತದೆ, ಸೀಸ 327ಕ್ಕೆ. ಎರಡನ್ನೂ ಹದವಾಗಿ ಬೆರೆಸಿದರೆ 183ಕ್ಕೇ ಕರಗಿಬಿಡುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ತಂತಿಯ ಗುಟ್ಟೂ ಇದೇ. ಕಮ್ಮಿ ಬಿಸಿ ಸಾಕಾದ್ದರಿಂದ ರಬ್ಬರ್ ಅಚ್ಚಿನಲ್ಲೇ ಎರಕ ಹೊಯ್ಯಬಹುದು: ದುಂಡನೆಯ ಅಚ್ಚನ್ನು ಗಿರ್ರನೆ ತಿರುಗಿಸುತ್ತ ನಡುವೆ ಲೋಹ ಸುರಿದರೆ ಅದು ಅಂಚಿಗೆ ಚಿಮ್ಮಿ ಮೂಗು, ಬೆರಳು, ಗುಂಡಿಯವರೆಗೂ ತುಂಬಿಕೊಳ್ಳುತ್ತದೆ. ಸೀಸ ಮಕ್ಕಳ ಮಿದುಳಿಗೆ ವಿಷವೆಂಬ ಕಾಳಜಿ ಬಲವಾದ ಮೇಲೆ, 1990ರ ದಶಕದಲ್ಲಿ, ಸೀಸವಿಲ್ಲದ ತವರದ ಮಿಶ್ರಲೋಹ ಬಂತು. ಹಳೆಯ ಸೀಸದ ಗೊಂಬೆಗೆ ಇನ್ನೊಂದು ರೋಗವಿದೆ. ಮರದ ಕಪಾಟಿನಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟರೆ ಮರ ಬಿಡುವ ಹುಳಿ ಆವಿ ತಾಗಿ ಮೈಮೇಲೆ ಬಿಳಿ ಬೂದಿ ಏಳುತ್ತದೆ. ಸೀಸ ಸೀಸದ ಕಾರ್ಬೊನೇಟ್ ಆಗುತ್ತ ಯೋಧ ನಿಂತಲ್ಲೇ ಸವೆಯುತ್ತಾನೆ. ನಮ್ಮವನು ಸೀಸದ ಕಾಲದ ನಂತರದವನು, ಆ ಭಯವಿಲ್ಲ.

ತವರದ ಮಿಶ್ರಲೋಹ ನೀರಿಗಿಂತ ಏಳು ಪಟ್ಟು ಭಾರ. ಪ್ಲಾಸ್ಟಿಕ್ ಯೋಧನದು ಪಾಲಿಸ್ಟೈರೀನ್, ಅದು ನೀರಿಗಿಂತ ಕೂದಲೆಳೆಯಷ್ಟು ಭಾರ. ಗಾತ್ರ ಒಂದೇ, ಬಿದ್ದ ಎತ್ತರ ಒಂದೇ. ನೆಲ ಮುಟ್ಟುವಾಗ ಹ್ಯೂರಾನ್ ಹೊತ್ತು ತಂದ ಶಕ್ತಿ ಏಳರಷ್ಟು. ಅಷ್ಟೂ ಭಾರ ಕಡಲೆಕಾಳಿನಷ್ಟು ದಪ್ಪದ ಭುಜದ ಅಂಟಿನ ಮೇಲೆ ಬಂತು.

ಸರಿ, ಅಂಟಿಸೋಣ ಎಂದು ಮೇಜಿನ ಮೇಲಿದ್ದ ಸೀಸೆ ತೆಗೆದು ಭುಜಕ್ಕೆ ಹಚ್ಚಿ ಒತ್ತಿ ಹಿಡಿದೆ. ಹತ್ತು ನಿಮಿಷವಾದರೂ ಕೈ ಜಾರುತ್ತಲೇ ಇತ್ತು. ಹುಡುಗ ನಕ್ಕ. “ಮಾಮಾ, ಅದು ಪ್ಲಾಸ್ಟಿಕ್ ಗೋಂದು. ಲೋಹಕ್ಕೆ ಹಿಡಿಯಲ್ಲ.”

ಅದು ಗೋಂದೇ ಅಲ್ಲ ಎನ್ನಬೇಕು. ಪಾಲಿಸ್ಟೈರೀನ್ ಎಂದರೆ ಸಾವಿರಾರು ಕೊಂಡಿಗಳ ಉದ್ದುದ್ದ ಅಣುಸರಗಳ ರಾಶಿ. ಒತ್ತು ಶಾವಿಗೆಯ ಮುದ್ದೆಯನ್ನು ನೆನೆಸಿಕೊಳ್ಳಿ. ಸುಮಾರು 100 ಡಿಗ್ರಿಯ ಕೆಳಗೆ ಎಳೆಗಳು ಸೆಟೆದು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಅದರ ಮೇಲೆ ಸಡಿಲಗೊಂಡು ಜಾರುತ್ತವೆ. ಕಾರ್ಖಾನೆಯಲ್ಲಿ ಇನ್ನೂರು ಡಿಗ್ರಿಗೂ ಮೇಲೆ ಕಾಯಿಸಿ, ಚಕ್ಕುಲಿ ಒರಳಿನಂತೆ ಒತ್ತಿ, ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿ ತಣಿಸುತ್ತಾರೆ. ಉಕ್ಕಿನ ಅಚ್ಚು ರಬ್ಬರಿನಂತೆ ಬಾಗುವುದಿಲ್ಲವಲ್ಲ, ಹಾಗಾಗಿ ಕಂಕುಳು, ಮಡಚಿದ ಮೊಣಕಾಲು ಇಂಥ ಒಳಸಂದಿಗಳು ಅಚ್ಚಿನಿಂದ ಬಿಡಿಸಿ ಬರುವುದಿಲ್ಲ. ಯೋಧನನ್ನು ಕೈ, ಕಾಲು, ತಲೆ ಎಂದು ಬಿಡಿಬಿಡಿಯಾಗಿ ಕೊಡುವುದು ಅದಕ್ಕೇ. ಬರಿ ಪಾಲಿಸ್ಟೈರೀನ್ ಹಳೆಯ ಸಿ.ಡಿ. ಡಬ್ಬಿಯಂತೆ ಚಟ್ಟನೆ ಸೀಳುತ್ತದೆ. ಗೊಂಬೆಯದಕ್ಕೆ ಸೂಕ್ಷ್ಮ ರಬ್ಬರ್ ಕಣಗಳನ್ನು ಸೇರಿಸಿರುತ್ತಾರೆ, ಹೊರಟ ಬಿರುಕು ಅಲ್ಲೇ ಸಿಕ್ಕಿ ನಿಲ್ಲುತ್ತದೆ.

ಸೀಸೆಯಲ್ಲಿರುವುದು ಈ ಎಳೆಗಳನ್ನು ಸಡಿಲಿಸುವ ದ್ರಾವಕ. ಹಚ್ಚಿದ ಕಡೆ ಮೈ ಮೆತ್ತಗಾಗುತ್ತದೆ, ಕೈಯ ಎಳೆಗಳು ಭುಜದ ಎಳೆಗಳ ನಡುವೆ ತೂರಿಕೊಳ್ಳುತ್ತವೆ, ದ್ರಾವಕ ಆವಿಯಾದ ಮೇಲೆ ಕೈ ಯಾವುದು ಭುಜ ಯಾವುದು ಎಂಬ ಗಡಿಯೇ ಉಳಿಯುವುದಿಲ್ಲ. ಹುಡುಗ ಇನ್ನೊಬ್ಬ ಯೋಧನ ಕೈಗೆ ಒಂದು ಹನಿ ಹಚ್ಚಿ ತೋರಿಸಿದ. ಒತ್ತಿದಾಗ ಸಂದಿನಿಂದ ಕರಗಿದ ಪ್ಲಾಸ್ಟಿಕ್ಕಿನ ಸಣ್ಣ ಮಣಿಯೊಂದು ಮೇಲೆದ್ದು ಹೊಳೆಯಿತು. “ಇದು ಬಂದ್ರೆ ಗಟ್ಟಿ ಅಂತ ಅರ್ಥ” ಎಂದ.

ಲೋಹಕ್ಕೆ ಬೇರೆಯೇ ಚಿಕಿತ್ಸೆ. ಸಣ್ಣ ಕೈಬೈರಿಗೆಯಿಂದ ಭುಜಕ್ಕೂ ತೋಳಿಗೂ ಒಂದು ಮಿಲಿಮೀಟರ್ ತೂತು ಕೊರೆದು, ನಡುವೆ ತಂತಿಯ ತುಂಡು ಕೂರಿಸಿ, ಸೂಪರ್ ಗ್ಲೂ ಹಾಕಿದ. ಸೂಪರ್ ಗ್ಲೂನ ಅಣುಗಳು ಮೇಲ್ಮೈಯ ತೇವ ಸಿಕ್ಕೊಡನೆ ಸರಗಟ್ಟಿಕೊಂಡು ಗಟ್ಟಿಯಾಗುತ್ತವೆ; ನಮ್ಮ ಬೆರಳು ಮೊದಲು ಅಂಟುವುದೂ ಅದರಿಂದಲೇ. ಅರ್ಧ ದೇಹ ಸುಟ್ಟವನಿಗೆ ಲೋಹದ ಕೈ ಜೋಡಿಸಿದ ಕತೆಯನ್ನು ಊಟದ ಮೇಜಿನ ಮೇಲೆ ಮತ್ತೊಮ್ಮೆ ಆಡಿದಂತಾಯಿತು.

ಅಂಟು ಬಲಿಯುವವರೆಗೆ ಹುಡುಗ ದಾಳ ತಂದ. ನಮ್ಮ ಚೌಕಾಬಾರದಲ್ಲಿ ಕವಡೆ, ಇಲ್ಲಿ ಆರು ಮುಖದ ದಾಳಗಳ ಬೊಗಸೆ. ಇಬ್ಬರು ಸಮಬಲದ ಯೋಧರ ನಡುವಿನ ಒಂದು ಗುಂಡಿಗೆ ಮೂರು ಪರೀಕ್ಷೆ: ಗುರಿ ತಾಗಲು 3 ಅಥವಾ ಹೆಚ್ಚು ಬೀಳಬೇಕು, ಗಾಯವಾಗಲು 4 ಅಥವಾ ಹೆಚ್ಚು, ಆಮೇಲೆ ಎದುರಾಳಿಯ ಕವಚ ಸೋಲಬೇಕು, ಅಂದರೆ ಅವನಿಗೆ 1 ಅಥವಾ 2 ಬೀಳಬೇಕು. ಮೂರರಲ್ಲಿ ಎರಡು, ಎರಡರಲ್ಲಿ ಒಂದು, ಮೂರರಲ್ಲಿ ಒಂದು. ಗುಣಿಸಿದರೆ ಒಂಬತ್ತರಲ್ಲಿ ಒಂದು. ಹದಿನೆಂಟು ಗುಂಡಿಗೆ ಸರಾಸರಿ ಎರಡು ಗಾಯ.

ನಾನು ಹದಿನೆಂಟು ಗುಂಡು ಹಾರಿಸಿದೆ. ಒಂದೂ ನಾಟಲಿಲ್ಲ. ದಾಳದಲ್ಲಿ ಮೋಸವಿದೆ ಎಂದು ಗೊಣಗಿದೆ, ಶಕುನಿಯ ಕಾಲದಿಂದ ಸೋತವರೆಲ್ಲ ಗೊಣಗುವಂತೆ. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದರೆ, ಒಂಬತ್ತರಲ್ಲಿ ಎಂಟನ್ನು ಹದಿನೆಂಟು ಸಲ ಗುಣಿಸಿದಾಗ ಸಿಗುವುದು ಸುಮಾರು 0.12. ಅಂದರೆ ಸರಿಸುಮಾರು ಎಂಟು ಸಲಕ್ಕೊಮ್ಮೆ ಹೀಗೆ ಬರಿಗೈ ಆಗುವುದು ಲೆಕ್ಕದಲ್ಲೇ ಇದೆ. ‘ಸರಾಸರಿ ಎರಡು’ ಎಂದಾಗ ನಮ್ಮ ಮನಸ್ಸು ಕೇಳಿಸಿಕೊಳ್ಳುವುದು ‘ಕಮ್ಮಿಯೆಂದರೂ ಒಂದು’ ಎಂದು. ಮಳೆಯ ಮುನ್ಸೂಚನೆಯವರನ್ನು ನಾವು ಬೈಯುವುದೂ ಇದೇ ಕಿವಿಯಿಂದ.

ಅಷ್ಟರಲ್ಲಿ ಕೈ ಬಲಿತಿತ್ತು. ಉಗುರುಗಳು ಮೊದಲಿಗಿಂತ ಸ್ವಲ್ಪ ಮೇಲಕ್ಕೆ ತಿರುಗಿ, ಹ್ಯೂರಾನ್ ಯಾರಿಗೋ ಆಶೀರ್ವಾದ ಮಾಡುವವನಂತೆ ಕಾಣುತ್ತಿದ್ದ. ಇನ್ನು ಎತ್ತರದಲ್ಲಿ ಬೇಡ ಎಂದು ಹುಡುಗ ಅವನನ್ನು ಕೊನೆಯ ಮೆಟ್ಟಿಲಿಗೆ ಇಳಿಸಿದ. ಅಡುಗೆಮನೆಯಿಂದ ಉಸಲಿ ತಟ್ಟೆ ಹಿಡಿದು ಬಂದ ಅಕ್ಕ ಒಂದು ಕ್ಷಣ ನೋಡಿ ಹೇಳಿದಳು: “ಅಲ್ಲ ಕಣೋ, ಕಡಲ್ಗಳ್ಳನ್ನ ತಂದು ಶೆಟ್ಟರ ಅಂಗಡಿ ಪಕ್ಕಾನೇ ಇಟ್ಟಿದೀಯಲ್ಲೋ.”