ಗಣಕಯಂತ್ರವೂ ತಾಳಜ್ಞಾನವೂ

ಗಾಯಕನ ಸ್ವರವು ಗಣಕಯಂತ್ರವನ್ನು ಹಾದು ಅವನ ಕಿವಿಗೇ ಮರಳುವಾಗ ತಡವಾದರೆ ತಾಳ ತಪ್ಪುತ್ತದೆ. ಈ ವಿಳಂಬಕ್ಕೆ ಕಾರಣವೇನು?

ಗಣಕವು ಧ್ವನಿಯನ್ನು ಸೆಕೆಂಡಿಗೆ ೪೮,೦೦೦ ಮಾದರಿಗಳಂತೆ ಅಳೆದು, ಕಂತುಕಂತಾಗಿ ಸಂಸ್ಕರಿಸುತ್ತದೆ. ೧,೦೨೪ ಮಾದರಿಗಳ ಕಂತು ತುಂಬಲು ಸುಮಾರು ೨೧ ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ೭ ಮೀಟರು ಸಾಗಿರುತ್ತದೆ. ೧೨೮ ಮಾದರಿಗಳ ಕಂತಿಗೆ ೩ ಮಿಲಿಸೆಕೆಂಡೂ ಬೇಡ. ಆದರೆ ಆ ಅಲ್ಪಾವಧಿಯಲ್ಲಿ ಗಣಕವು ಬೇರೊಂದು ಕೆಲಸದಲ್ಲಿ ಮಗ್ನವಾಗಿದ್ದರೆ ಕಂತು ತಪ್ಪಿ, ‘ಟಕ್’ ಎಂಬ ಸದ್ದು ಕೇಳಿಬರುತ್ತದೆ.

ಇದಕ್ಕೆ ಮುಕ್ತ ತಂತ್ರಾಂಶವಾದ ಲಿನಕ್ಸಿನಲ್ಲಿ ಪರಿಹಾರವುಂಟು. ಧ್ವನಿಕಾರ್ಯಕ್ಕೆ ಅಗ್ರಸ್ಥಾನವನ್ನೂ, ಸ್ಮೃತಿಯಲ್ಲಿ ಕಾದಿರಿಸಿದ ಜಾಗವನ್ನೂ ಕೊಡಬೇಕು. ವಿದ್ಯುತ್ತಿನ ಉಳಿತಾಯಕ್ಕಾಗಿ ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸದಂತೆ ಏರ್ಪಡಿಸಬೇಕು. ತುರ್ತು ಕಾರ್ಯ ಬಂದೊಡನೆ ಕೈಯಲ್ಲಿರುವುದನ್ನು ಬದಿಗಿಡಲು ಗಣಕಕ್ಕೆ ಕಲಿಸುವ ‘ಪ್ರೀಎಂಪ್ಟ್-ಆರ್‌ಟಿ’ ಎಂಬ ವಿಧಾನವು ಸುಮಾರು ೨೦ ವರ್ಷ ಪ್ರತ್ಯೇಕ ತೇಪೆಯಾಗಿಯೇ ಬೆಳೆದು, ೨೦೨೪ರಲ್ಲಿ ಲಿನಕ್ಸ್ ೬.೧೨ರ ಮೂಲದಲ್ಲಿಯೇ ಸೇರಿಕೊಂಡಿತು.

ಇಷ್ಟಾದ ಮೇಲೆ ಕಂತನ್ನು ೧,೦೨೪ರಿಂದ ೫೧೨ಕ್ಕೆ, ೨೫೬ಕ್ಕೆ ಎಂದು ಅರ್ಧರ್ಧ ಇಳಿಸುತ್ತ ಹೋಗಿರಿ. ‘ಟಕ್’ ಸದ್ದು ಕೇಳಿದೊಡನೆ ಒಂದು ಮೆಟ್ಟಲು ಹಿಂದೆ ಸರಿದು ನಿಲ್ಲಿರಿ; ನಿಮ್ಮ ಯಂತ್ರದ ಮಿತಿಯು ಅದೇ.