‘ಸರ್ವರ್ ಇಲ್ಲ’ ಎಂದರೆ ನಿಜಕ್ಕೂ ಏನಿಲ್ಲ? ನೆಟ್‌ವರ್ಕ್‌ಗಳ ಬಗೆ ತಿಳಿಯೋಣ

ಪಹಣಿಗಾಗಿ ಸಾಲಿನಲ್ಲಿ ನಿಂತವರಿಗೆಲ್ಲ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಗೊತ್ತು. ಎಲ್ಲೋ ದೊಡ್ಡ ಕಂಪ್ಯೂಟರ್ ಕೆಟ್ಟಿದೆ ಎಂದು ನಾವು ಭಾವಿಸುತ್ತೇವೆ. ಆದರೆ ಸರ್ವರ್ ಸರಿಯಾಗಿದ್ದು, ಅದನ್ನು ತಲುಪುವ ದಾರಿ ಮಾತ್ರ ಕಡಿದಿರಬಹುದು. ಆ ದಾರಿ ಹಲವು ನೆಟ್‌ವರ್ಕ್‌ಗಳ ಜೋಡಣೆ. ವಿಸ್ತಾರದ ಪ್ರಕಾರ ಅವುಗಳನ್ನು ಹೀಗೆ ವಿಂಗಡಿಸುತ್ತಾರೆ.

ಪ್ಯಾನ್: ಒಬ್ಬ ವ್ಯಕ್ತಿಯ ಸುತ್ತಲಿನ ಜಾಲ. ಬ್ಲೂಟೂತ್‌ನಲ್ಲಿ ಮೊಬೈಲ್‌ಗೆ ಇಯರ್‌ಫೋನ್ ಜೋಡಿಸುವುದು ಇದೇ. ವ್ಯಾಪ್ತಿ ಸಾಮಾನ್ಯವಾಗಿ ಸುಮಾರು 10 ಮೀಟರ್.

ಲ್ಯಾನ್: ಒಂದು ಮನೆ, ಶಾಲೆ ಅಥವಾ ಕಚೇರಿಯೊಳಗಿನ ಜಾಲ. ಎತರ್ನೆಟ್‌ನ ತಾಮ್ರದ ಕೇಬಲ್ ಒಂದೇ ಎಳೆಯಲ್ಲಿ 100 ಮೀಟರ್ ಮೀರುವಂತಿಲ್ಲ. ವೈ-ಫೈ ಕೂಡ ತಂತಿಯಿಲ್ಲದ ಲ್ಯಾನ್ ಅಷ್ಟೆ. ಹಾಗಾಗಿ ವೈ-ಫೈ ಗುರುತು ತುಂಬಿದ್ದರೂ ಇಂಟರ್ನೆಟ್ ಇಲ್ಲದಿರಬಹುದು.

ಮ್ಯಾನ್: ಒಂದು ನಗರದಷ್ಟು ಹರಡಿದ ಜಾಲ.

ವ್ಯಾನ್: ಊರೂರುಗಳನ್ನು ಬೆಸೆಯುವ ಜಾಲ. ನಮ್ಮ ರಾಜ್ಯದ ಉದಾಹರಣೆ ‘ಕೆಸ್ವಾನ್’. ಇದು ರಾಜಧಾನಿಯಿಂದ ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲ್ಲೂಕಿಗೆ ಮರದ ಕೊಂಬೆಗಳಂತೆ ಕವಲೊಡೆಯುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಗೆ ಜಿಲ್ಲಾ ಕೇಂದ್ರ ದಾವಣಗೆರೆ.

ಇಂಟರ್ನೆಟ್: ಜಾಲಗಳ ಜಾಲ. ಭಾರತದಲ್ಲಿ ಸಾರ್ವಜನಿಕರಿಗೆ ಇದು ದೊರೆತದ್ದು 1995ರ ಆಗಸ್ಟ್ 15ರಂದು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಅದೇ ಇಂದಿನ ಭಾರತ್‌ನೆಟ್.

ಪಹಣಿ ಯಾಕೆ ನಿಲ್ಲುತ್ತದೆ?

‘ಭೂಮಿ’ ಯೋಜನೆಯ ಆರಂಭದಲ್ಲಿ ಆಯಾ ತಾಲ್ಲೂಕಿನ ಪಹಣಿ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರ್‌ನಲ್ಲೇ ಇತ್ತು. ಕಚೇರಿಯ ಲ್ಯಾನ್ ಸಾಕಾಗುತ್ತಿತ್ತು. ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋದವು. ಈಗ ಎಲ್ಲಿಂದ ಬೇಕಾದರೂ ಪಹಣಿ ಪಡೆಯಬಹುದು. ಆದರೆ ಜಗಳೂರಿನ ರೈತರ ದಾಖಲೆ ತೆರೆಯಬೇಕಾದರೆ ಬೆಂಗಳೂರಿನವರೆಗಿನ ದಾರಿಯಿಡೀ ಸರಿಯಿರಬೇಕು. ರಸ್ತೆ ಅಗೆಯುವಾಗ ಜೆಸಿಬಿ ಒಂದು ಫೈಬರ್ ಕಡಿದರೂ, ಬದಲಿ ಮಾರ್ಗವಿಲ್ಲದಿದ್ದರೆ, ಕೆಲಸ ನಿಲ್ಲುತ್ತದೆ.

ನಾವೇನು ಮಾಡಬಹುದು?

ಬಸ್ ಹತ್ತುವ ಮುನ್ನ ಮೊಬೈಲ್ ಡೇಟಾದಲ್ಲಿ ಭೂಮಿ ಜಾಲತಾಣ ತೆರೆದು ನಮ್ಮ ಸರ್ವೆ ನಂಬರ್ ಹಾಕಿ ನೋಡೋಣ. ವಿವರ ಬಂದರೆ ಸರ್ವರ್ ಬಹುತೇಕ ನಡೆಯುತ್ತಿದೆ ಎಂದರ್ಥ. ಹಾಗಿದ್ದೂ ಕಚೇರಿಯಲ್ಲಿ ಕೆಲಸ ಆಗದಿದ್ದರೆ ತೊಂದರೆ ಲ್ಯಾನ್‌ನಲ್ಲೋ ವ್ಯಾನ್‌ನಲ್ಲೋ ಎಂದು ಕೇಳಬಹುದು. ಲ್ಯಾನ್ ಆದರೆ ಸಡಿಲವಾದ ಕೇಬಲ್ ಸರಿಪಡಿಸಿದರೂ ಸಾಕಾಗಬಹುದು, ಕಾಯುವುದರಲ್ಲಿ ಅರ್ಥವಿದೆ. ಫೈಬರ್ ಕಡಿದಿದ್ದರೆ ಕಾದು ಕೂತು ದಿನದ ಕೂಲಿ ಕಳೆದುಕೊಳ್ಳುವ ಬದಲು ಮರಳುವುದೇ ಮೇಲು.